ಓದುಗರ ಪ್ರಶ್ನೆ: ಮೂರು ತಿಂಗಳಿಗೊಮ್ಮೆ ಗಡಿ ದಾಟುವ ಸಂಸಾರ

ಹೊರದೇಶದವರನ್ನು ಮದುವೆಯಾದವರ, ಅವರ ಮನೆಯವರ ಪ್ರಶ್ನೆಗಳಿಗೆ ಉತ್ತರ. ಅಂಕಣಕಾರ್ತಿ ಥಾಯ್ಲೆಂಡ್‌ನ ನೋಂಗ್ ಖಾಯ್‌ನಲ್ಲಿ ಬಹುಕಾಲ ಸಂಸಾರ ಮಾಡಿ, ಈಗ ಥಾಯ್ ಪತಿಯೊಂದಿಗೆ ಮೈಸೂರಿನ ಕುವೆಂಪುನಗರದಲ್ಲಿ ನೆಲೆಸಿದ್ದಾರೆ.

ಪ್ರಶ್ನೆ: ನನ್ನ ಎರಡನೆಯ ಮಗ ಬ್ಯಾಂಕಾಕ್‌ನ ಹೋಟೆಲೊಂದರಲ್ಲಿ ಅಡುಗೆ ಕೆಲಸದಲ್ಲಿದ್ದ. ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ, ಕೆಲಸ ಬಿಟ್ಟು, ಈಗ ಉಡೋನ್ ಥಾನಿ ಹತ್ತಿರ ಅವಳ ಹಳ್ಳಿಯಲ್ಲಿದ್ದಾನೆ. ಮೂರು ತಿಂಗಳಿಗೊಮ್ಮೆ ಪಕ್ಕದ ಲಾವೋಸ್ ದೇಶಕ್ಕೆ ಹೋಗಿ ಮುದ್ರೆ ಹಾಕಿಸಿಕೊಂಡು ಬರುತ್ತಾನೆ. ‘ಕಳ್ಳ ದಾರಿಯಲ್ಲಿ ಇದ್ದಾನೆ, ಒಂದು ದಿನ ಹಿಡಿದು ಕಳಿಸುತ್ತಾರೆ’ ಎಂದು ಊರಿನಲ್ಲಿ ಮಾತಾಡುತ್ತಾರೆ. ಮದುವೆ ಪತ್ರದ ಫೋಟೊ ಕಳಿಸಿದ್ದ. ಮೊಮ್ಮಗಳು ಅದನ್ನು ಮೊಬೈಲ್‌ನಲ್ಲಿ ಅನುವಾದ ಮಾಡಿಸಿ ನೋಡಿದರೆ ಇಸವಿ 2566 ಎಂದಿದೆ. ಅದು ನಕಲಿಯೇ? ಸೊಸೆಗೆ ಈಗ ಆರು ತಿಂಗಳು. ಅವಳ ಅಂಗಡಿಯಲ್ಲಿ ಮಗನೇ ದೋಸೆ ಹುಯ್ಯುತ್ತಾನೆ, ಜನ ಸಾಲುಗಟ್ಟಿ ನಿಲ್ಲುತ್ತಾರೆ ಎಂದು ಹೇಳುತ್ತಿರುತ್ತಾನೆ. ಎಷ್ಟು ದಿನ ಅವನು ಹೀಗೆ ಇರಬಹುದು?
— ಒಬ್ಬ ತಾಯಿ, ಪಾಂಡವಪುರ ತಾಲ್ಲೂಕು

ಉತ್ತರ: ಅಮ್ಮ, ಇಸವಿಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ನಿಮಗೆ ನಿದ್ದೆ ಬರಲಿ. ಥಾಯ್ಲೆಂಡ್‌ನ ಸರ್ಕಾರಿ ಕಾಗದಗಳಲ್ಲಿ ಬುದ್ಧಶಕ ಬರೆಯುತ್ತಾರೆ. ನಮ್ಮ ಇಸವಿಗೆ 543 ಕೂಡಿಸಿದರೆ ಅವರ ಇಸವಿ. 2566 ಎಂದರೆ 2023. ನನ್ನ ಮದುವೆ ಪತ್ರದಲ್ಲೂ ಹಾಗೆಯೇ ಇದೆ. ನಿಮ್ಮ ಮಗ ಕಳಿಸಿದ್ದು ಅಂಚಿಗೆ ಚಿತ್ತಾರವಿರುವ ಪತ್ರವಾಗಿದ್ದರೆ ಅದಕ್ಕೆ ‘ಖೋ ರೋ 3’ ಎನ್ನುತ್ತಾರೆ. ಅಂಫೊ ಎಂಬ ಕಚೇರಿಯಲ್ಲಿ, ಅಂದರೆ ನಮ್ಮ ತಾಲ್ಲೂಕು ಕಚೇರಿಯಂಥಲ್ಲಿ, ನೋಂದಣಿಯಾದ ಮೇಲೆಯೇ ಅದು ಕೈಗೆ ಬರುತ್ತದೆ. ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ ಹಿರಿಯರು ಹರಸುವ ಹಳ್ಳಿಯ ಶಾಸ್ತ್ರ ಎಷ್ಟೇ ಸಂಭ್ರಮದಿಂದ ನಡೆದಿರಲಿ, ವೀಸಾಕ್ಕೆ ಅದು ಲೆಕ್ಕಕ್ಕಿಲ್ಲ. ಈ ಪತ್ರ ಲೆಕ್ಕಕ್ಕಿದೆ. ಅದನ್ನು ಪಡೆಯಲು ಭಾರತೀಯ ರಾಯಭಾರ ಕಚೇರಿಯಿಂದ ಅವಿವಾಹಿತ ಎಂಬ ಪ್ರಮಾಣಪತ್ರ ತಂದು, ಥಾಯ್ ಭಾಷೆಗೆ ಅನುವಾದ ಮಾಡಿಸಿ, ಅವರ ವಿದೇಶಾಂಗ ಇಲಾಖೆಯ ಮುದ್ರೆ ಒತ್ತಿಸಬೇಕು. ಅಷ್ಟು ಓಡಾಡಿ ಮದುವೆಯನ್ನು ದಾಖಲು ಮಾಡಿಸಿದ ಹುಡುಗನ ಬಗ್ಗೆ ಊರಿನವರು ಆ ಮಾತು ಆಡಬಾರದು.

ಇನ್ನು ಗಡಿ. ‘ಗಡಿ ದಾಟುತ್ತಾನೆ’ ಎಂದರೆ ನಿಮ್ಮ ಕಣ್ಣಿಗೆ ಮುಳ್ಳುತಂತಿ, ಬಂದೂಕು ಬರುತ್ತಿರಬಹುದು. ಅಲ್ಲಿ ಇರುವುದು ಒಂದು ಸೇತುವೆ. ನೋಂಗ್ ಖಾಯ್‌ನಲ್ಲಿ ಮೆಕಾಂಗ್ ನದಿಗೆ ಅಡ್ಡಲಾಗಿ 1994ರಲ್ಲಿ ತೆರೆದದ್ದು. ಉಡೋನ್ ಥಾನಿಯಿಂದ ಸುಮಾರು ಒಂದು ಗಂಟೆಯ ದಾರಿ. ಥಾಯ್ ಕಡೆಯ ಕಿಟಕಿಯಲ್ಲಿ ನಿರ್ಗಮನದ ಮುದ್ರೆ ಹಾಕಿಸಿಕೊಂಡು, ಸೇತುವೆಗೆಂದೇ ಇರುವ ಬಸ್ಸಿಗೆ ಚೀಟಿ ಕೊಂಡು ಹತ್ತಬೇಕು. ಥಾಯ್ಲೆಂಡ್‌ನಲ್ಲಿ ವಾಹನಗಳು ನಮ್ಮಂತೆ ಎಡಗಡೆ ಓಡುತ್ತವೆ, ಲಾವೋಸ್‌ನಲ್ಲಿ ಬಲಗಡೆ; ಬಸ್ಸು ಒಂದು ಪಕ್ಕದಿಂದ ಇನ್ನೊಂದಕ್ಕೆ ಹೊರಳುವುದನ್ನು ನಾನು ಪ್ರತಿ ಸಲವೂ ಕಿಟಕಿಯಿಂದ ನೋಡುತ್ತಿದ್ದೆ. ಬಸ್ಸಿನಲ್ಲಿ ಸೊಪ್ಪಿನ ಕಟ್ಟು ಹಿಡಿದ ಹೆಂಗಸರು, ಆಸ್ಪತ್ರೆಗೆ ಹೊರಟ ಮುದುಕರು, ನಡುವೆ ನಿಮ್ಮ ಮಗನಂಥ ಹೊರದೇಶದ ಅಳಿಯಂದಿರು. ಆಚೆ ಕಡೆ ಡಾಲರ್ ಕೊಟ್ಟು ಲಾವೋಸ್ ವೀಸಾ ಅಂಟಿಸಿಕೊಂಡು ಒಳಗೆ ಹೋಗಿ, ಮತ್ತೆ ಹೊರಗೆ ಬಂದು ಅದೇ ಬಸ್ಸು ಹತ್ತಿದರೆ ಥಾಯ್ ಅಧಿಕಾರಿ ಹೊಸ ಮುದ್ರೆ ಹಾಕಿ ಹೊಸ ತಾರೀಖು ಬರೆಯುತ್ತಾರೆ. ನನ್ನ ಅತ್ತೆ ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಜಿಗುಟು ಅನ್ನ, ಸುಟ್ಟ ಮೀನು ಕಟ್ಟಿಕೊಡುತ್ತಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ವಾಪಸ್.

ಇದು ಕಳ್ಳ ದಾರಿಯೇ? ಅವನ ಪಾಸ್‌ಪೋರ್ಟಿನಲ್ಲಿ ಯಾವ ವೀಸಾ ಇದೆ ಎಂಬುದರ ಮೇಲೆ ಉತ್ತರ ನಿಂತಿದೆ. ವೀಸಾ ಪುಟದ ಫೋಟೊ, ಕೊನೆಯ ಮುದ್ರೆಯ ಫೋಟೊ ಎರಡನ್ನೂ ತರಿಸಿಕೊಳ್ಳಿ. ‘ನಾನ್ ಇಮಿಗ್ರೆಂಟ್ ಓ’ ಎಂದೂ ‘ಮಲ್ಟಿಪಲ್’ ಎಂದೂ ಇದ್ದರೆ ಅವನು ನಿಯಮದ ಒಳಗೇ ಇದ್ದಾನೆ. ಥಾಯ್ ಪ್ರಜೆಯನ್ನು ಮದುವೆಯಾದವರಿಗೆ ಕೊಡುವ ವೀಸಾ ಅದು. ಒಂದು ವರ್ಷ ಚಾಲ್ತಿಯಲ್ಲಿರುತ್ತದೆ, ಶುಲ್ಕ 5,000 ಬಾತ್ (ಬಾತ್ ಎಂದರೆ ಅಲ್ಲಿಯ ಹಣ), ಪ್ರತಿ ಸಲ ಒಳಗೆ ಬಂದಾಗ 90 ದಿನ ಇರಬಹುದು. 90 ದಿನ ತುಂಬುವ ಮುನ್ನ ಹೊರಗೆ ಹೋಗಿ ಬರುವುದು ಆ ವೀಸಾದ ಷರತ್ತೇ ಹೊರತು ಅದನ್ನು ತಪ್ಪಿಸುವ ಉಪಾಯವಲ್ಲ. ವೀಸಾ ಮುಗಿಯುವ ಕೊನೆಯ ದಿನಗಳಲ್ಲಿ ಒಮ್ಮೆ ದಾಟಿ ಬಂದರೆ ಇನ್ನೂ 90 ದಿನ ಸಿಗುವುದರಿಂದ ಒಂದು ವೀಸಾದಲ್ಲಿ ಹೆಚ್ಚುಕಡಿಮೆ 15 ತಿಂಗಳು ಕಳೆಯಬಹುದು.

ಆ ವೀಸಾ ಇಲ್ಲದೆ ಬರಿಯ ಪ್ರವಾಸಿ ಮುದ್ರೆಯ ಮೇಲೆ ಓಡಾಡುತ್ತಿದ್ದರೆ ನನಗೂ ನಿಮ್ಮಷ್ಟೇ ಭಯ. 2024ರ ಜುಲೈಯಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರಲು ಅವಕಾಶ ಕೊಟ್ಟ ಮೇಲೆ ಎಷ್ಟೋ ಹುಡುಗರು ಇದೇ ಸಾಕೆಂದುಕೊಂಡರು. ಆದರೆ ವೀಸಾ ಇಲ್ಲದವರು ಭೂಗಡಿಯಿಂದ ಕ್ಯಾಲೆಂಡರ್ ವರ್ಷಕ್ಕೆ ಎರಡೇ ಸಲ ಒಳಗೆ ಬರಬಹುದು, ಮತ್ತು ಒಳಗೆ ಬಿಡುವುದೂ ಬಿಡದಿರುವುದೂ ಕಿಟಕಿಯ ಹಿಂದಿನ ಅಧಿಕಾರಿಯ ಕೈಯಲ್ಲಿದೆ. ಹೆಂಡತಿ ತುಂಬು ಗರ್ಭಿಣಿಯಾಗಿರುವಾಗ ಗಂಡ ಸೇತುವೆಯ ಆ ತುದಿಯಲ್ಲಿ ಸಿಕ್ಕಿಕೊಳ್ಳಬಾರದು.

ದಿನ ಮೀರಿದರೆ ದಂಡ ದಿನಕ್ಕೆ 500 ಬಾತ್, ಗರಿಷ್ಠ 20,000. ಹಣದ ದಂಡ ಕಟ್ಟಿ ಮರೆಯಬಹುದು, ನಿಷೇಧ ಹಾಗಲ್ಲ. 90 ದಿನಕ್ಕಿಂತ ಹೆಚ್ಚು ಮೀರಿ ತಾನಾಗಿ ಹೊರಟರೂ ಒಂದು ವರ್ಷ ಆ ದೇಶಕ್ಕೆ ಕಾಲಿಡುವಂತಿಲ್ಲ. ಅವಧಿ ಮೀರಿ ಉಳಿದವನನ್ನು ಪೊಲೀಸರೇ ಹಿಡಿದರೆ ಐದು ವರ್ಷ. ಮಗು ಶಾಲೆಗೆ ಹೋಗುವ ಹೊತ್ತಾಗಿರುತ್ತದೆ.

ಕಾನೂನಿನ ಪ್ರಕಾರ ಸರಿ ಇದ್ದರೂ ಈ ಗಡಿ ಓಡಾಟವನ್ನೇ ನಂಬಿ ವರ್ಷಗಟ್ಟಲೆ ಇರುವುದನ್ನು ನಾನು ಒಪ್ಪುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಭೂಗಡಿಗಳು ಮುಚ್ಚಿದಾಗ 90 ದಿನದ ಮುದ್ರೆಯವರು ಕಂಗಾಲಾದರು. ಸರ್ಕಾರ ಕರುಣೆಯಿಂದ ಅವಧಿಯನ್ನು ತಾನಾಗಿಯೇ ವಿಸ್ತರಿಸಿತು, ಸರಿ. ಆದರೆ ಆಗ ಹೊರಗಿದ್ದ ಗಂಡಂದಿರು ಹೊರಗೇ ಉಳಿದರು. 2025ರ ಜೂನ್‌ನಲ್ಲಿ ಕಾಂಬೋಡಿಯಾದೊಂದಿಗೆ ಜಗಳವಾಗಿ ಆ ಗಡಿ ಮುಚ್ಚಿತು, ಜುಲೈನಲ್ಲಿ ಗುಂಡಿನ ಕಾಳಗವೇ ನಡೆಯಿತು. ಆ ಕಡೆಯಿಂದ ಮುದ್ರೆ ಹಾಕಿಸುತ್ತಿದ್ದವರೆಲ್ಲ ಬೇರೆ ದಾರಿ ಹುಡುಕಬೇಕಾಯಿತು. ಎರಡು ದೇಶಗಳ ಸ್ನೇಹದ ಮೇಲೆ ಒಂದು ಸಂಸಾರ ನಿಲ್ಲಬಾರದು ಅಮ್ಮ.

ಆದ್ದರಿಂದ ಮಗನಿಗೆ ಹೇಳಿ: ಮದುವೆಯ ಆಧಾರದ ಮೇಲೆ ಒಂದು ವರ್ಷದ ವಾಸ್ತವ್ಯ ವಿಸ್ತರಣೆಗೆ ಅರ್ಜಿ ಹಾಕು. ಅದನ್ನು ದೇಶದ ಒಳಗೇ, ಅವರ ಪ್ರಾಂತ್ಯದ ವಲಸೆ ಕಚೇರಿಯಲ್ಲಿ ಕೊಡುತ್ತಾರೆ. ಶುಲ್ಕ 1,900 ಬಾತ್. ಅವನು ಹಿಂದೆಮುಂದೆ ನೋಡುತ್ತಿರುವುದು ಹಣದ ಷರತ್ತಿಗೆ ಇರಬೇಕು: ಥಾಯ್ ಹೆಂಡತಿಯ ವಿದೇಶಿ ಗಂಡನ ಹೆಸರಿನಲ್ಲಿ ಅಲ್ಲಿಯ ಬ್ಯಾಂಕಿನಲ್ಲಿ 4 ಲಕ್ಷ ಬಾತ್ ಎರಡು ತಿಂಗಳು ಇರಬೇಕು, ಇಲ್ಲವೇ ತಿಂಗಳಿಗೆ 40,000 ಬಾತ್ ಆದಾಯ ತೋರಿಸಬೇಕು. ಆ 4 ಲಕ್ಷ ಬಾತ್ ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಥಾಯ್ ಗಂಡನ ವಿದೇಶಿ ಹೆಂಡತಿಗೆ ಈ ಷರತ್ತಿಲ್ಲ. ನನ್ನನ್ನು ಯಾರೂ ಪಾಸ್‌ಬುಕ್ ಕೇಳಲಿಲ್ಲ. ಗಂಡಸು ದುಡಿದು ಸಾಕಬೇಕು, ಹೆಂಗಸನ್ನು ಗಂಡ ಸಾಕುತ್ತಾನೆ ಎಂಬ ಹಳೆಯ ಎಣಿಕೆ ಅದು. ನನಗೆ ಅದರಿಂದ ಅನುಕೂಲವಾದರೂ ನ್ಯಾಯವೆಂದು ಅನ್ನಿಸಿಲ್ಲ. ಹಣ ಖರ್ಚಾಗುವುದಿಲ್ಲ, ಅವನ ಖಾತೆಯಲ್ಲೇ ಇರುತ್ತದೆ. ಮನೆಯಿಂದ ಸ್ವಲ್ಪ ಸಹಾಯ ಮಾಡುವ ಶಕ್ತಿ ನಿಮಗಿದ್ದರೆ, ಹಬ್ಬಕ್ಕೆ ಚಿನ್ನ ಕಳಿಸುವ ಬದಲು ಇದಕ್ಕೆ ಕೊಡಿ.

ಅರ್ಜಿಗೆ ಮದುವೆ ನೋಂದಣಿ ಪುಸ್ತಕದ ಹೊಸ ಪ್ರತಿ ‘ಖೋ ರೋ 2’, ಹೆಂಡತಿಯ ಗುರುತಿನ ಚೀಟಿ, ಮನೆಯವರ ಹೆಸರು ನೋಂದಾಯಿಸಿರುವ ನೀಲಿ ರಟ್ಟಿನ ಮನೆ ಪುಸ್ತಕ, ಬ್ಯಾಂಕಿನ ಪತ್ರ, ಮನೆಗೆ ಬರುವ ದಾರಿಯ ನಕ್ಷೆ, ಮನೆಯಲ್ಲಿ ಇಬ್ಬರೂ ಒಟ್ಟಿಗಿರುವ ಫೋಟೊಗಳು ಬೇಕು. ಒಂದು ಫೋಟೊದಲ್ಲಿ ಮನೆಯ ಸಂಖ್ಯೆ ಕಾಣಬೇಕು. ನಮ್ಮ ಮನೆಗೆ ಇಬ್ಬರು ಅಧಿಕಾರಿಗಳು ಬಂದಿದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದು, ನೀರು ಕುಡಿದು, ಮಲಗುವ ಕೋಣೆಯ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಎದುರು ಮನೆಯ ಅಜ್ಜಿಯನ್ನು ಕರೆದು, ಈ ಭಾರತದ ಸೊಸೆ ನಿಜವಾಗಿಯೂ ಇಲ್ಲೇ ಇರುತ್ತಾಳೆಯೇ ಎಂದು ಕೇಳಿದರು. ಅಜ್ಜಿ ಒಂದು ಮಾತೂ ಆಡದೆ ತನ್ನ ಮನೆಯೊಳಗೆ ಹೋಗಿ, ನಾನು ಹಿಂದಿನ ದಿನ ಸಾರು ಕೊಟ್ಟಿದ್ದ ಪಾತ್ರೆಯನ್ನು ತಂದು ಅವರಿಗೆ ತೋರಿಸಿದರು. ಅಧಿಕಾರಿ ಅದನ್ನೂ ಬರೆದುಕೊಂಡರು. ಮಗನಿಗೆ ಹೇಳಿ, ನೆರೆಹೊರೆಯವರ ಜೊತೆ ಚೆನ್ನಾಗಿರಲಿ. ಮೊದಲು ‘ಪರಿಶೀಲನೆಯಲ್ಲಿದೆ’ ಎಂದು 30 ದಿನದ ಮುದ್ರೆ ಹಾಕಿ ಕಾಗದಗಳನ್ನು ಮೇಲಿನ ಕಚೇರಿಗೆ ಕಳಿಸುತ್ತಾರೆ, ಆಮೇಲೆ ವರ್ಷದ ಮುದ್ರೆ. ಆ ಒಂದು ತಿಂಗಳು ಗಾಬರಿಯಾಗುವುದು ಬೇಡ.

ವಿಸ್ತರಣೆ ಸಿಕ್ಕ ಮೇಲೆ ಎರಡು ಮಾತು ಮರೆಯಬಾರದು. ದೇಶದಲ್ಲೇ ಇರುವವರು 90 ದಿನಕ್ಕೊಮ್ಮೆ ತಮ್ಮ ವಿಳಾಸವನ್ನು ವರದಿ ಮಾಡಬೇಕು. ಶುಲ್ಕವಿಲ್ಲ, ತಪ್ಪಿದರೆ 2,000 ಬಾತ್ ದಂಡ. ಮತ್ತು ನಿಮ್ಮನ್ನು ನೋಡಲು ಬರುವ ಮುಂಚೆ ಮರುಪ್ರವೇಶದ ಅನುಮತಿ ಪಡೆಯಲೇಬೇಕು. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲವಾದರೂ ಆಗಲಿ ಎಂದರೆ 3,800. ಅದಿಲ್ಲದೆ ವಿಮಾನ ಹತ್ತಿದರೆ ವರ್ಷದ ವಿಸ್ತರಣೆ ಅಲ್ಲಿಗೇ ರದ್ದು, ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕು. ಊರಲ್ಲಿ ಯಾರೋ ತೀರಿಕೊಂಡರೆಂದು ದಿಢೀರನೆ ಹೊರಟವರು ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಅದಕ್ಕೇ 3,800ರದ್ದನ್ನು ಮೊದಲೇ ಮಾಡಿಸಿ ಇಟ್ಟುಕೊಳ್ಳಲಿ. ಲಾವೋಸ್ ವೀಸಾ ಒಂದೊಂದಕ್ಕೂ ಇಡೀ ಪುಟ ತಿನ್ನುತ್ತದೆ. ಪಾಸ್‌ಪೋರ್ಟ್ ನವೀಕರಿಸುವಾಗ 36 ಪುಟದ್ದು ಬೇಡ, 60 ಪುಟದ್ದನ್ನೇ ಕೇಳಲಿ.

ದೋಸೆಯ ವಿಷಯ ಓದಿ ನನಗೆ ನಿಜವಾಗಿಯೂ ಆತಂಕವಾಯಿತು. ವೀಸಾ ವಾಸಕ್ಕೆ ಮಾತ್ರ, ಕೆಲಸಕ್ಕೆ ಬೇರೆಯೇ ಪರವಾನಗಿ ಬೇಕು. ಹೆಂಡತಿಯ ಅಂಗಡಿಯಾದರೂ, ಸಂಬಳ ತೆಗೆದುಕೊಳ್ಳದಿದ್ದರೂ, ಕಾವಲಿಯ ಮುಂದೆ ನಿಂತು ಗಿರಾಕಿಗಳಿಗೆ ದೋಸೆ ಹುಯ್ದುಕೊಟ್ಟರೆ ಅದು ಕೆಲಸವೇ. ಸಿಕ್ಕಿಬಿದ್ದರೆ 5,000ದಿಂದ 50,000 ಬಾತ್ ದಂಡ, ಗಡೀಪಾರು, ಎರಡು ವರ್ಷ ಪರವಾನಗಿ ಇಲ್ಲ. ಸಾಲು ನಿಲ್ಲುವ ಅಂಗಡಿಯ ಮೇಲೆ ಯಾರದಾದರೂ ಕಣ್ಣು ಬೀಳುವುದು ಸಹಜ, ದೂರು ಕೊಡಲು ಒಬ್ಬರು ಸಾಕು. ಮದುವೆಯ ಓ ವೀಸಾ ಇರುವವರು ವೀಸಾ ಬದಲಿಸದೆಯೇ ಕೆಲಸದ ಪರವಾನಗಿ ಪಡೆಯಬಹುದು. ಅದಕ್ಕೆ ಒಂದು ಸಂಸ್ಥೆ ಅರ್ಜಿ ಹಾಕಬೇಕು, ವಿದೇಶಿಯನ್ನು ಕೆಲಸಕ್ಕಿಟ್ಟುಕೊಳ್ಳಲು ಸಂಸ್ಥೆಗೆ ಇರಬೇಕಾದ ಕನಿಷ್ಠ ಬಂಡವಾಳ, ಥಾಯ್ ಪ್ರಜೆಯನ್ನು ಮದುವೆಯಾದವರ ವಿಷಯದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹೋಟೆಲ್ ಕೆಲಸ ಬಲ್ಲವನು, ಊರಿನಲ್ಲೇ ಯಾವುದಾದರೂ ಹೋಟೆಲ್ ಅವನಿಗೆ ಪರವಾನಗಿ ಮಾಡಿಸಿಕೊಟ್ಟರೆ ಸಂಬಳವೂ ಆಯಿತು, 40,000 ಬಾತ್ ಆದಾಯದ ದಾಖಲೆಗೂ ದಾರಿಯಾಯಿತು. ಅಲ್ಲಿಯವರೆಗೆ ಹಿಟ್ಟು ಕಲಸುವುದನ್ನು, ಹುಯ್ಯುವುದನ್ನು ಸೊಸೆಗೆ ಕಲಿಸಿಕೊಟ್ಟು ಅವನು ಕಾವಲಿಯಿಂದ ದೂರ ನಿಲ್ಲಲಿ.

ಮಗು ಹುಟ್ಟುವ ಹೊತ್ತಿಗೆ ನೀವೂ ಮಗನೂ ಮಾತಾಡಿ ಒಂದು ತೀರ್ಮಾನಕ್ಕೆ ಬರಬೇಕು. ತಾಯಿ ಥಾಯ್ ಆದ್ದರಿಂದ ಮಗು ಹುಟ್ಟಿನಿಂದಲೇ ಥಾಯ್ ಪ್ರಜೆ. ಭಾರತದ ಪೌರತ್ವ ಬೇಕೆಂದರೆ ಹುಟ್ಟಿದ ಒಂದು ವರ್ಷದೊಳಗೆ ನಮ್ಮ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಿ, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ಬರೆದುಕೊಡಬೇಕು. ಇಲ್ಲವಾದರೆ ಥಾಯ್ ಪಾಸ್‌ಪೋರ್ಟ್ ಮಾಡಿಸಿ, ಸಾಗರೋತ್ತರ ಭಾರತೀಯ ಪ್ರಜೆ ಎಂಬ ಓಸಿಐ ಕಾರ್ಡ್ ಮಾಡಿಸಬಹುದು. ಆಗ ವೀಸಾ ಇಲ್ಲದೆ ಎಷ್ಟು ಸಲ ಬೇಕಾದರೂ ಅಜ್ಜಿಯ ಮನೆಗೆ ಬರಬಹುದು. ಆ ಊರಲ್ಲೇ ಬೆಳೆಯುವ ಮಗುವಿಗೆ ಎರಡನೆಯದೇ ಸಲೀಸು ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ನಾನು ಮೈಸೂರಿನ ಗೋಕುಲಂನವಳು. ನನ್ನ ಗಂಡ ಸ್ಪೇನ್ ದೇಶದವರು, ಯೋಗ ಕಲಿಯಲು ಬಂದವರು. ಕಳೆದ ವರ್ಷ ನಂಜನಗೂಡಿನ ಹತ್ತಿರ ನಮ್ಮ ಮನೆದೇವರ ಗುಡಿಯಲ್ಲಿ ಮದುವೆಯಾಯಿತು. ಅವರದು ಐದು ವರ್ಷದ ಪ್ರವಾಸಿ ಇ-ವೀಸಾ. 90 ದಿನ ಮುಗಿಯುವ ಹೊತ್ತಿಗೆ ಶ್ರೀಲಂಕಾಕ್ಕೆ ಹೋಗಿ ಬರುತ್ತಾರೆ. ಹೀಗೇ ಮುಂದುವರಿಸಬಹುದೇ? — ಹೆಸರು ಬೇಡ

ಉತ್ತರ: ಮುಂದುವರಿಸಲಾಗದು ತಂಗಿ. ಆ ವೀಸಾದಲ್ಲಿ ಒಂದು ಸಲಕ್ಕೆ 90 ದಿನದ ಮಿತಿ ಇರುವುದಲ್ಲದೆ, ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 180 ದಿನ ಮೀರಬಾರದು ಎಂಬ ಮಿತಿಯೂ ಇದೆ. ಕೊಲಂಬೊಗೆ ಎಷ್ಟು ಸಲ ಹೋಗಿ ಬಂದರೂ ಆ 180 ಹೊಸದಾಗುವುದಿಲ್ಲ.

ನೀವು ಮೊದಲು ಮಾಡಬೇಕಾದದ್ದು ಮದುವೆಯ ನೋಂದಣಿ. ಗಂಡ ಹಿಂದೂ ಅಲ್ಲವಾದರೆ ಹಿಂದೂ ವಿವಾಹ ಕಾಯ್ದೆ ಅನ್ವಯಿಸುವುದಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮಾಡಿಸಬೇಕು. 30 ದಿನದ ನೋಟಿಸ್ ಇದೆ. ಹೊಸದಾಗಿ ಮದುವೆ ನಡೆಸುವುದಾದರೆ ನಿಮ್ಮಲ್ಲಿ ಒಬ್ಬರು ಜಿಲ್ಲೆಯಲ್ಲಿ 30 ದಿನ ವಾಸವಿದ್ದರೆ ಸಾಕು, ಮೂವರು ಸಾಕ್ಷಿಗಳು ಬೇಕು. ಗುಡಿಯಲ್ಲಿ ಆದ ಮದುವೆಯನ್ನೇ ನೋಂದಾಯಿಸುವುದಾದರೆ ಇಬ್ಬರೂ 30 ದಿನ ಇಲ್ಲಿ ಇದ್ದಿರಬೇಕು. ಅವರು ಹೊರಗೆ ಹೋಗುವ ತಾರೀಖನ್ನು ನೋಡಿಕೊಂಡು ದಿನ ಗೊತ್ತು ಮಾಡಿ. ಅವರ ರಾಯಭಾರ ಕಚೇರಿಯಿಂದ ಅವಿವಾಹಿತ ಪ್ರಮಾಣಪತ್ರಕ್ಕೆ ಈಗಲೇ ಬರೆಯಿರಿ, ತಡವಾಗುವುದು ಅಲ್ಲೇ.

ನೋಂದಣಿ ಪತ್ರ ಕೈಗೆ ಬಂದ ಮೇಲೆ ನಮ್ಮ ದೇಶದ ವಿದೇಶಿಯರ ನೋಂದಣಿ ಕಚೇರಿಯ ‘ಇ-ಎಫ್‌ಆರ್‌ಆರ್‌ಒ’ ಜಾಲತಾಣದಲ್ಲಿ ಪ್ರವಾಸಿ ವೀಸಾವನ್ನು ಎಂಟ್ರಿ ವೀಸಾಕ್ಕೆ, ಅಂದರೆ ಎಕ್ಸ್ ವೀಸಾಕ್ಕೆ ಬದಲಿಸಲು ಅರ್ಜಿ ಹಾಕಿ. ಭಾರತೀಯರನ್ನು ಮದುವೆಯಾದವರಿಗೆ ಈ ಅವಕಾಶವಿದೆ, ದೇಶ ಬಿಟ್ಟು ಹೋಗಬೇಕಿಲ್ಲ. ನನ್ನ ಗಂಡನಿಗೂ ನಾವು ಎಕ್ಸ್ ವೀಸಾ ಮಾಡಿಸಿಯೇ ಇಲ್ಲಿ ಸಂಸಾರ ಹೂಡಿದ್ದು. ನೀವು ಬಾಡಿಗೆ ಮನೆಯಲ್ಲಿದ್ದರೆ, ವಿದೇಶಿಯರು ಮನೆಗೆ ಬಂದಿದ್ದಾರೆಂದು ಸರ್ಕಾರಕ್ಕೆ ತಿಳಿಸುವ, ಜನ ‘ಫಾರ್ಮ್ ಸಿ’ ಎಂದು ಕರೆಯುವ ಮಾಹಿತಿಯನ್ನು ಮನೆಯ ಮಾಲೀಕರು ಅವರು ಬಂದ 24 ಗಂಟೆಯೊಳಗೆ ತುಂಬಬೇಕು. ಥಾಯ್ಲೆಂಡ್‌ನಲ್ಲೂ ಮನೆಯೊಡೆಯರಿಗೆ ಇದೇ 24 ಗಂಟೆಯ ನಿಯಮವಿದೆ. ಇಲ್ಲಿ ಮಾಲೀಕರು ಪೊಲೀಸ್ ಎಂದ ಕೂಡಲೇ ಹಿಂಜರಿಯುತ್ತಾರೆ; ನೀವೇ ಪಕ್ಕದಲ್ಲಿ ಕುಳಿತು ತುಂಬಿಸಿ.

ಎಕ್ಸ್ ವೀಸಾದಲ್ಲಿ ದುಡಿಯುವ ಹಕ್ಕು ಇಲ್ಲ. ಅವರು ಮನೆಯ ತಾರಸಿಯಲ್ಲಿ ಶುಲ್ಕ ಪಡೆದು ಯೋಗ ಕಲಿಸುತ್ತಿದ್ದರೆ ನಿಲ್ಲಿಸಿ. ಮದುವೆ ನೋಂದಣಿಯಾಗಿ ಎರಡು ವರ್ಷ ದಾಂಪತ್ಯ ಮುಂದುವರಿದರೆ ಅವರಿಗೆ ಓಸಿಐ ಕಾರ್ಡ್‌ಗೆ ಅರ್ಜಿ ಹಾಕಬಹುದು, ಆಗ ಈ ತೊಡಕುಗಳಲ್ಲಿ ಬಹುಪಾಲು ಹೋಗುತ್ತವೆ. ಗುಡಿಯಲ್ಲಿ ತಾಳಿ ಕಟ್ಟಿದ ದಿನವನ್ನಷ್ಟೇ ಹೇಳಿದರೆ ಅರ್ಜಿ ನಿಲ್ಲುವುದಿಲ್ಲ. ಈಗಾಗಲೇ ಒಂದು ವರ್ಷ ಕೈತಪ್ಪಿದೆ, ಇನ್ನು ಒಂದು ವಾರವನ್ನೂ ಕಳೆಯಬೇಡಿ.

ಪ್ರಶ್ನೆ: ನಮ್ಮ ಅಣ್ಣ ಥಾಯ್ಲೆಂಡ್‌ನಲ್ಲಿ ಮದುವೆಯಾಗಿ ನೆಲೆಸಿದ್ದಾರೆ. ಇಲ್ಲಿಯ ಪಿತ್ರಾರ್ಜಿತ ಗದ್ದೆಯಲ್ಲಿ ತಮ್ಮ ಪಾಲು ಮಾರಿ ಅಲ್ಲಿ ಅತ್ತಿಗೆಯ ಹೆಸರಿನಲ್ಲಿ ಜಮೀನು ಕೊಳ್ಳುತ್ತಾರಂತೆ. ಸರಿಯೇ? — ಶ್ರೀರಂಗಪಟ್ಟಣದ ಓದುಗರು

ಉತ್ತರ: ಅಲ್ಲಿ ವಿದೇಶಿಯರು ಜಮೀನಿನ ಒಡೆಯರಾಗುವಂತಿಲ್ಲ. ಥಾಯ್ ಹೆಂಡತಿ ಕೊಳ್ಳುವಾಗ, ಹಣ ಪೂರ್ತಿ ಅವಳ ಸ್ವಂತದ್ದು ಎಂದು ಗಂಡನೂ ಭೂ ಕಚೇರಿಯಲ್ಲಿ ರುಜು ಹಾಕಬೇಕು. ಹಾಕಿದ ಮೇಲೆ ‘ನನ್ನ ಹಣ’ ಎಂದು ಕೇಳಲು ಬಾಯಿಲ್ಲ. ಹೆಂಡತಿಯ ಕಾಲಾನಂತರ ಗಂಡನಿಗೆ ಉತ್ತರಾಧಿಕಾರವಾಗಿ ಬಂದರೂ ಒಂದು ವರ್ಷದೊಳಗೆ ಮಾರಬೇಕಾಗುತ್ತದೆ. ಅತ್ತಿಗೆಯವರ ಮೇಲೆ ಅನುಮಾನದಿಂದ ಈ ಮಾತು ಹೇಳುತ್ತಿಲ್ಲ. ಹೆಂಡತಿ ತೀರಿಕೊಂಡರೆ ಮದುವೆಯ ಆಧಾರದ ವೀಸಾಕ್ಕೂ ಆಧಾರ ಹೋಗುತ್ತದೆ. ದುಃಖದ ಜೊತೆಗೆ ಮನೆಯೂ ಹೋಗಬಾರದು ಎಂದು ಹೇಳುತ್ತಿದ್ದೇನೆ. ಅವರಿಗೆ ಮನೆ ಮುಖ್ಯವೆಂದಾದರೆ ಅಪಾರ್ಟ್‌ಮೆಂಟ್‌ನಲ್ಲಿ ಅವರ ಹೆಸರಿನಲ್ಲೇ ಕೊಳ್ಳಬಹುದು: ಒಂದು ಕಟ್ಟಡದ ಶೇಕಡಾ 49ರವರೆಗೆ ವಿದೇಶಿಯರಿಗೆ ಅವಕಾಶವಿದೆ, ಹಣ ಹೊರದೇಶದಿಂದ ಬಂದಿರಬೇಕು. ಜಮೀನೇ ಬೇಕೆಂದರೆ ಜೀವಮಾನವಿಡೀ ಅನುಭವಿಸುವ ಹಕ್ಕನ್ನು ಅಣ್ಣನ ಹೆಸರಿನಲ್ಲಿ ಹಕ್ಕುಪತ್ರದ ಮೇಲೆಯೇ ನೋಂದಾಯಿಸಬಹುದು. ಆ ಹಕ್ಕುಪತ್ರಕ್ಕೆ ಅಲ್ಲಿ ‘ಚನೋಟ್’ ಎನ್ನುತ್ತಾರೆ.

ಈ ಕಡೆಯದನ್ನೂ ಯೋಚಿಸಿ. ಅನಿವಾಸಿ ಭಾರತೀಯರು ಪಿತ್ರಾರ್ಜಿತ ಗದ್ದೆಯನ್ನು ಉಳಿಸಿಕೊಳ್ಳಬಹುದು, ಆದರೆ ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಅಣ್ಣ ಇಂದು ಮಾರಿದರೆ, ಅನಿವಾಸಿಯಾಗಿ ಇರುವವರೆಗೂ ಇನ್ನೊಂದು ಗುಂಟೆಯನ್ನೂ ಕೊಳ್ಳಲಾರರು. ನಾಲೆಯ ನೀರು ಹರಿಯುವ ಗದ್ದೆ ಅದು ಎಂದು ನಿಮ್ಮ ಪತ್ರದಲ್ಲಿದೆ. ಉಪನೋಂದಣಿ ಕಚೇರಿಗೆ ಹೋಗುವ ಮೊದಲು ಅಣ್ಣ, ಅತ್ತಿಗೆ ಇಬ್ಬರನ್ನೂ ವಿಡಿಯೊ ಕರೆಯಲ್ಲಿ ಕೂರಿಸಿ, ಚನೋಟ್ ಮೇಲೆ ಆ ಜೀವಾವಧಿ ಹಕ್ಕು ಬರೆಸಲು ಅತ್ತಿಗೆಯವರಿಗೆ ಒಪ್ಪಿಗೆ ಇದೆಯೇ ಎಂದು ಕೇಳಿ.